ಗ್ರೌಂಡ್ಸೆಲ್ (ಸೆನೆಸಿಯೊ ವಲ್ಗ್ಯಾರಿಸ್)

ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂಗಳ ಕುಟುಂಬವಾದ ಆಸ್ಟರೇಸೀಗೆ ಸೇರಿದ, ಹಳದಿ ಹೂ ಬಿಡುವ ಏಕವಾರ್ಷಿಕ ಕಾಡುಗಿಡ. ಇದರ ಶಾಸ್ತ್ರೀಯ ಹೆಸರು ಸೆನೆಸಿಯೊ ವಲ್ಗ್ಯಾರಿಸ್. 1753ರಲ್ಲಿ ಲಿನೀಯಸ್ ಕೊಟ್ಟದ್ದು. ಯೂರೋಪು, ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯ ಇದರ ತವರು. ವಲಸೆ ಹೋದವರ ಬಿತ್ತನೆ ಬೀಜ, ಮೇವು, ಹಡಗಿನ ಸರಕುಗಳ ಜೊತೆಯಲ್ಲಿ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸೇರಿದಂತೆ ತಂಪು ಹವೆಯ ಬಹುತೇಕ ನಾಡುಗಳಿಗೆ ಹರಡಿದೆ. ತೋಟದ ಪಾತಿ, ನರ್ಸರಿಯ ಕುಂಡ, ಉತ್ತ ಹೊಲದ ಅಂಚು, ಗೋಡೆಯ ಬಿರುಕು, ರೈಲು ಹಳಿಯ ಜಲ್ಲಿ, ಹೀಗೆ ಮಣ್ಣು ಕೆದಕಿದಲ್ಲೆಲ್ಲ ಇದು ಹಾಜರು. ಚೆಂದಕ್ಕೆಂದು ಇದನ್ನು ಯಾರೂ ಬೆಳೆಸುವುದಿಲ್ಲ. ತೋಟಗಾರರು ಕಂಡಲ್ಲಿ ಕಿತ್ತೆಸೆಯುತ್ತಾರೆ. ಆದರೆ ಹೊಸ ಪ್ರಭೇದವೊಂದು ಹೇಗೆ ಹುಟ್ಟುತ್ತದೆ, ಕಳೆನಾಶಕ ಹೇಗೆ ತನ್ನ ಶಕ್ತಿ ಕಳೆದುಕೊಳ್ಳುತ್ತದೆ ಎಂಬ ಎರಡು ದೊಡ್ಡ ಪ್ರಶ್ನೆಗಳಿಗೆ ವಿಜ್ಞಾನಿಗಳು ಈ ಗಿಡದಲ್ಲೂ ಉತ್ತರ ಹುಡುಕಿದ್ದಾರೆ.

ಗಿಡ ಸಾಮಾನ್ಯವಾಗಿ 10ರಿಂದ 40 ಸೆಂಟಿಮೀಟರ್ ಎತ್ತರ. ಕಾಂಡ ಮೆದು, ರಸವತ್ತು, ಕೆಲವೊಮ್ಮೆ ಕೆನ್ನೀಲಿ ಛಾಯೆಯದು. ಎಳೆಯದಿದ್ದಾಗ ಮೈಮೇಲೆ ಹತ್ತಿಯಂಥ ಬಿಳಿ ನವಿರು ಕಾಣುತ್ತದೆ. ಎಲೆಗಳ ಅಂಚು ಅಂಕುಡೊಂಕಾಗಿ ಒಳಕ್ಕೆ ಸೀಳಿರುತ್ತದೆ. ಮೇಲಿನ ಎಲೆಗಳಿಗೆ ತೊಟ್ಟಿಲ್ಲ, ಬುಡವೇ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಹೂವೆಂದು ನಾವು ಕರೆಯುವುದು, ಈ ಕುಟುಂಬದ ಎಲ್ಲ ಗಿಡಗಳಲ್ಲಿರುವಂತೆ, ಹತ್ತಾರು ಕಿರುಹೂಗಳ ಒಂದು ಚೆಂಡುಮಂಜರಿ. ಸೂರ್ಯಕಾಂತಿಯಲ್ಲಿ ನಡುವಿನ ತಟ್ಟೆಯ ಸುತ್ತ ದಳದಂತೆ ಚಾಚಿದ ಹೂಗಳೂ ಇರುತ್ತವೆ; ಗ್ರೌಂಡ್ಸೆಲ್‌ನಲ್ಲಿ ಸಾಮಾನ್ಯವಾಗಿ ಅವು ಇರುವುದಿಲ್ಲ. ಹಸಿರು ಪತ್ರಕಗಳ ಸಣ್ಣ ಕೊಳವೆಯೊಂದರ ಬಾಯಲ್ಲಿ ಹಳದಿ ಕುಂಚ ಮಾತ್ರ ಇಣುಕುತ್ತದೆ. ಆದ್ದರಿಂದ ಅರಳಿದ ಹೂವೂ ಅರೆಬಿರಿದ ಮೊಗ್ಗಿನಂತೆಯೇ ಕಾಣುತ್ತದೆ. ಕೊಳವೆಯ ಬುಡದಲ್ಲಿರುವ ಪುಟ್ಟ ಪತ್ರಕಗಳ ತುದಿ ಕಡುಗಪ್ಪು. ಈ ಗಿಡವನ್ನು ಗುರುತು ಹಿಡಿಯಲು ಅದು ನೆಚ್ಚಬಹುದಾದ ಲಕ್ಷಣ.

ಹೂ ಮಾಗಿದ ಮೇಲೆ ಪತ್ರಕಗಳು ಹಿಂದಕ್ಕೆ ಮಡಿಸಿಕೊಂಡು ಬಿಳಿ ರೇಷ್ಮೆಗೂದಲಿನ ಗುಂಡೊಂದು ಹೊರಬರುತ್ತದೆ. ಒಂದೊಂದು ಕಾಯಿಗೂ ಒಂದೊಂದು ರೋಮಗುಚ್ಛ. ಗಾಳಿ ಬಂದರೆ ಹಾರಿಹೋಗುತ್ತದೆ. ನಮ್ಮ ರಸ್ತೆ ಬದಿಯ ಗಬ್ಬು ಸೇವಂತಿಗೆಯ ಬೀಜ ಹಾರುವುದೂ ಇದೇ ಉಪಾಯದಿಂದ. ಗ್ರೌಂಡ್ಸೆಲ್‌ಗೆ ಇನ್ನೊಂದು ಅನುಕೂಲವೂ ಇದೆ. ಎರಡು ಮೂರು ಮಿಲಿಮೀಟರ್ ಉದ್ದದ ಅದರ ಕಾಯಿಯ ಮೇಲಿರುವ ಸಣ್ಣ ಕೂದಲುಗಳು ನೀರು ತಗುಲಿದೊಡನೆ ಲೋಳೆ ಬಿಡುತ್ತವೆ. ಹಾರಿ ಬಂದ ಬೀಜ ಒದ್ದೆ ಮಣ್ಣಿಗೆ, ಬೂಟಿನ ಅಟ್ಟೆಗೆ, ಗುದ್ದಲಿಯ ಅಲಗಿಗೆ, ಕುಂಡದ ಅಂಚಿಗೆ ಅಂಟಿಕೊಳ್ಳುವುದು ಹೀಗೆ. ನರ್ಸರಿಯಿಂದ ನರ್ಸರಿಗೆ ಇದು ಪಯಣಿಸುವುದಕ್ಕೆ ಗಾಳಿಗಿಂತ ಕುಂಡಗಳ ಸಾಗಾಟವೇ ಹೆಚ್ಚು ಕಾರಣ.

ಈ ಗಿಡದ ಬಲವೆಲ್ಲ ಅದರ ಅವಸರದಲ್ಲಿದೆ. ಬೀಜ ಬಿದ್ದರೆ ಬಹುಪಾಲು ತಡಮಾಡದೆ ಮೊಳೆಯುತ್ತದೆ. ಹವೆ ಹಿತವಾಗಿದ್ದರೆ ಮೊಳಕೆಯಿಂದ ಮುಂದಿನ ಬೀಜದವರೆಗಿನ ಬದುಕು ಐದಾರು ವಾರಗಳಲ್ಲಿ ಮುಗಿಯುತ್ತದೆ. ವರ್ಷಕ್ಕೆ ಎರಡು ಮೂರು ತಲೆಮಾರು ಉರುಳುವುದು ಸಾಮಾನ್ಯ. ಬ್ರಿಟನ್ನಿನಂಥ ಕಡೆ ಚಳಿಗಾಲದಲ್ಲೂ ಹೂ ಬಿಟ್ಟ ಗಿಡ ಸಿಗುತ್ತದೆ. ದುಂಬಿಗೆ ಕಾಯುವ ಅಗತ್ಯವೂ ಇದಕ್ಕಿಲ್ಲ, ಸ್ವಕೀಯ ಪರಾಗಸ್ಪರ್ಶದಿಂದಲೇ ಕಾಯಿ ಕಟ್ಟುತ್ತದೆ. ಹಾಗಾಗಿ ದಾರಿ ತಪ್ಪಿ ಬಂದ ಒಂದೇ ಒಂದು ಬೀಜ ಒಂದು ಊರನ್ನು ತುಂಬಬಲ್ಲದು. ಹೂವಿರುವಾಗ ಕಿತ್ತು ಬದುವಿನ ಮೇಲೆಸೆದ ಗಿಡ ಬಾಡುತ್ತಲೇ ಬೀಜ ಮಾಗಿಸಿಬಿಡುತ್ತದೆ. ಹೂ ಬಿಡುವ ಮೊದಲೇ ಕೀಳಬೇಕೆಂದು ಅಲ್ಲಿನ ತೋಟಗಾರರು ಹೇಳುವುದು ಇದಕ್ಕೇ.

ಇಷ್ಟು ಮೆದುವಾದ ಗಿಡ ದನಕರುಗಳ ಬಾಯಿಗೆ ಸಿಕ್ಕಿ ನಾಶವಾಗದೆ ಉಳಿದದ್ದಕ್ಕೆ ಅದರ ವಿಷ ಕಾರಣ. ಸೆನೆಸಿಯೊನೀನ್, ಸೆನೆಸಿಫಿಲ್ಲೀನ್, ರೆಟ್ರಾರ್ಸೀನ್ ಮೊದಲಾದ ಸಸ್ಯಕ್ಷಾರಗಳು ಇದರ ಮೈತುಂಬ ಇವೆ. ರಸಾಯನಶಾಸ್ತ್ರದಲ್ಲಿ ಇವುಗಳಿಗೆ ಪೈರೊಲಿಜಿಡೀನ್ ಆಲ್ಕಲಾಯ್ಡ್ ಎಂದು ಹೆಸರು. ಸೆನೆಸಿಯೊನೀನನ್ನು ಮೊದಲು ಬೇರ್ಪಡಿಸಿದ್ದು ಇದೇ ಗಿಡದಿಂದ, 1895ರಲ್ಲಿ, ಫ್ರಾನ್ಸಿನ ಗ್ರಾಂವಾಲ್ ಮತ್ತು ಲಾಝೂ ಎಂಬ ರಸಾಯನಜ್ಞರು. ಸೆನೆಸಿಯೊ ಗಿಡಗಳಲ್ಲಿ ಈ ವಸ್ತು ತಯಾರಾಗುವುದು ಬೇರಿನಲ್ಲಿ. ಅಲ್ಲಿಂದ ಕಾಂಡಕ್ಕೆ ಏರಿ ಹೂವಿನಲ್ಲಿ ಹೆಚ್ಚಾಗಿ ಶೇಖರಗೊಳ್ಳುತ್ತದೆ, ಅಂದರೆ ಗಿಡ ಯಾವುದನ್ನು ಕಳೆದುಕೊಳ್ಳಬಾರದೋ ಅಲ್ಲಿ. ಅದನ್ನು ತಯಾರಿಸುವ ಕಿಣ್ವದ ಮೂಲವನ್ನು 1999ರಲ್ಲಿ ಜರ್ಮನಿಯ ಓಬರ್ ಮತ್ತು ಹಾರ್ಟ್‌ಮನ್ ಹತ್ತಿರದ ಸಂಬಂಧಿ ಸೆನೆಸಿಯೊ ವರ್ನಾಲಿಸ್‌ನಲ್ಲಿ ಪತ್ತೆಮಾಡಿದರು. ಜೀವಕೋಶದ ದಿನನಿತ್ಯದ ಕೆಲಸದಲ್ಲಿ ತೊಡಗಿದ್ದ ಒಂದು ಹಳೆಯ ಜೀನ್ ಎರಡಾಗಿ, ಒಂದು ಪ್ರತಿ ಹಳೆಯ ಕೆಲಸದಲ್ಲೇ ಉಳಿದು ಇನ್ನೊಂದು ವಿಷ ತಯಾರಿಕೆಗೆ ತಿರುಗಿತ್ತು.

ವಿಚಿತ್ರವೆಂದರೆ ಈ ಕ್ಷಾರ ಇದ್ದ ರೂಪದಲ್ಲಿ ಅಷ್ಟೇನೂ ಅಪಾಯಕಾರಿಯಲ್ಲ. ಅದನ್ನು ತಿಂದ ಪ್ರಾಣಿಯ ಪಿತ್ತಜನಕಾಂಗ, ಹೊರಗಿನ ವಸ್ತುವನ್ನು ಹೊರದಬ್ಬುವ ಪ್ರಯತ್ನದಲ್ಲಿ, ಅದನ್ನು ಪೈರೋಲ್ ಎಂಬ ತೀಕ್ಷ್ಣ ವಸ್ತುವಾಗಿ ಬದಲಿಸುತ್ತದೆ. ಅದು ಅಲ್ಲೇ ಜೀವಕೋಶಗಳ ಡಿಎನ್‌ಎ ಮತ್ತು ಪ್ರೋಟೀನುಗಳಿಗೆ ಕಚ್ಚಿಕೊಂಡು ಅಂಗವನ್ನೇ ಹಾಳುಗೆಡವುತ್ತದೆ. ಕುದುರೆ ಮತ್ತು ದನಗಳಿಗೆ ಅಪಾಯ ಹೆಚ್ಚು, ಕುರಿ ಮೇಕೆಗಳು ಸಾಕಷ್ಟು ತಾಳಿಕೊಳ್ಳುತ್ತವೆ. ಹಸಿಗಿಡದ ಕಹಿಗೆ ದನ ಮುಖ ತಿರುಗಿಸುತ್ತದೆ. ಒಣಹುಲ್ಲಿನಲ್ಲಿ ಬೆರೆತರೆ ಕಹಿ ತಿಳಿಯದು, ವಿಷ ಮಾತ್ರ ಹಾಗೇ ಉಳಿದಿರುತ್ತದೆ. ರೋಗ ಕಾಣಿಸಿಕೊಳ್ಳುವುದಕ್ಕೆ ವಾರಗಳು, ತಿಂಗಳುಗಳು ಹಿಡಿಯುವುದರಿಂದ ತಿಂದದ್ದಕ್ಕೂ ಸತ್ತದ್ದಕ್ಕೂ ಸಂಬಂಧ ಹಚ್ಚುವುದು ಕಷ್ಟ.

ಮನುಷ್ಯರಿಗೂ ಇದೇ ಗತಿ. 2009ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಅಂಗಡಿಯಿಂದ ಕೊಂಡ ರುಕೋಲಾ ಸೊಪ್ಪಿನ ಪೊಟ್ಟಣದೊಳಗೆ ಗ್ರೌಂಡ್ಸೆಲ್ ಸಿಕ್ಕಿತು. ಎರಡರ ಎಲೆಗಳೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಸೀಳಿರುವುದರಿಂದ ಕೊಯ್ಲಿನಲ್ಲಿ ಬೆರೆತುಹೋಗಿತ್ತು. ಆ ಸುದ್ದಿಯ ನಂತರ ಯೂರೋಪಿನಲ್ಲಿ ಈ ಕ್ಷಾರಗಳ ಮೇಲೆ ನಿಗಾ ಬಿಗಿಯಾಯಿತು. ಚಹಾ, ಗಿಡಮೂಲಿಕೆ, ಜೇನುನೊಣದ ಪರಾಗ ಮುಂತಾದವುಗಳಲ್ಲಿ ಅವು ಎಷ್ಟರವರೆಗೆ ಇರಬಹುದೆಂಬ ಮಿತಿ 2022ರ ಜುಲೈನಿಂದ ಜಾರಿಯಲ್ಲಿದೆ. ಆ ಪಟ್ಟಿಯಲ್ಲಿ ಜೀರಿಗೆಯೂ ಇರುವುದರಿಂದ ಭಾರತದ ರಫ್ತುದಾರರಿಗೂ ಇದು ಸಂಬಂಧಿಸಿದ ವಿಷಯ. ಇದೇ ವರ್ಗದ ವಿಷ ನಮ್ಮ ದೇಶದಲ್ಲಿ ದೊಡ್ಡ ದುರಂತವನ್ನೇ ತಂದಿದೆ. 1970ರ ದಶಕದ ನಡುಭಾಗದಲ್ಲಿ ಆಗಿನ ಮಧ್ಯಪ್ರದೇಶದ ಸರ್ಗುಜಾ ಜಿಲ್ಲೆಯಲ್ಲಿ ಬುಡಕಟ್ಟು ಜನರ ಹೊಟ್ಟೆ ಊದಿಕೊಂಡು ಹಲವರು ತೀರಿಕೊಂಡರು. ಅವರು ಉಣ್ಣುತ್ತಿದ್ದ ಸಾಮೆಯಲ್ಲಿ ಕ್ರೊಟಲೇರಿಯ ಎಂಬ ಕಳೆಯ ಬೀಜ ಬೆರೆತಿತ್ತು. ಕ್ರೊಟಲೇರಿಯ ಅವರೆ, ತೊಗರಿಯ ಕುಟುಂಬದ್ದು. ಗ್ರೌಂಡ್ಸೆಲ್‌ಗೂ ಅದಕ್ಕೂ ನಂಟಿಲ್ಲ. ಆದರೂ ಎರಡು ಬೇರೆ ಬೇರೆ ಕುಟುಂಬಗಳು ಒಂದೇ ಬಗೆಯ ವಿಷಕ್ಕೆ ದಾರಿ ಕಂಡುಕೊಂಡಿವೆ.

ಈ ವಿಷವನ್ನೇ ಬಂಡವಾಳ ಮಾಡಿಕೊಂಡ ಜೀವಿಗಳೂ ಉಂಟು. ಸಿನಬಾರ್ ಪತಂಗದ ಹಳದಿ ಕಪ್ಪು ಪಟ್ಟೆಯ ಕಂಬಳಿಹುಳುಗಳು ರ್‍ಯಾಗ್‌ವರ್ಟ್ ಎಂಬ ಸೋದರ ಗಿಡವನ್ನೂ, ಅದು ಸಿಗದಾಗ ಗ್ರೌಂಡ್ಸೆಲ್ಲನ್ನೂ ತಿಂದು ಕ್ಷಾರವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಒಮ್ಮೆ ಬಾಯಿಗೆ ಹಾಕಿದ ಹಕ್ಕಿ ಮತ್ತೆ ಆ ಬಣ್ಣದ ಹುಳುವಿನ ಗೊಡವೆಗೆ ಹೋಗುವುದಿಲ್ಲ. ಕರ್ನಾಟಕದಲ್ಲಿ ಇಂಥದ್ದೇ ನೋಟ ಕಾಣಬೇಕೆಂದರೆ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳನ್ನು ಗಮನಿಸಬೇಕು. ಕ್ರೊಟಲೇರಿಯ ಗಿಡದ ಮೇಲೆ, ಒಣಗಿದ ಚೇಳುಕೊಂಡಿ ಗಿಡದ ಮೇಲೆ ಅವು ಗುಂಪುಗುಂಪಾಗಿ ಕೂತಿರುತ್ತವೆ. ಹೆಚ್ಚಿನವು ಗಂಡು, ಹೆಣ್ಣನ್ನು ಸೆಳೆಯುವ ಗಂಧಕ್ಕೆ ಬೇಕಾದ ಮೂಲವಸ್ತುವಾಗಿ ಇದೇ ವರ್ಗದ ಕ್ಷಾರವನ್ನು ಹೀರಿಕೊಳ್ಳುತ್ತಿರುತ್ತವೆ. ಗ್ರೌಂಡ್ಸೆಲ್‌ಗೆ ಬರುವ ರೋಗಗಳಲ್ಲಿ ಮುಖ್ಯವಾದದ್ದು ಕಿತ್ತಳೆ ಬಣ್ಣದ ತುಕ್ಕುರೋಗ. ಅದನ್ನು ತರುವ ಪಕ್ಸೀನಿಯ ಲ್ಯಾಜೆನೊಫೊರೇ ಎಂಬ ಶಿಲೀಂಧ್ರ ಮೂಲತಃ ಆಸ್ಟ್ರೇಲಿಯದ್ದು. 1960ರ ಸುಮಾರಿಗೆ ಯೂರೋಪಿಗೆ ಬಂದು ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಹಬ್ಬಿತು. ತುಕ್ಕು ಹಿಡಿದ ಗಿಡ ಚಳಿಗೆ ಬೇಗ ಸಾಯುತ್ತದೆ. ಹಾಗಾಗಿ ಈ ಶಿಲೀಂಧ್ರದಿಂದಲೇ ಕಳೆ ಹತೋಟಿ ಸಾಧ್ಯವೇ ಎಂದೂ ಪರೀಕ್ಷಿಸಿದ್ದಾರೆ.

ಹಿಂದೆ ಇದು ಮನೆಮದ್ದಿನ ಗಿಡ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಗಿಡಮೂಲಿಕೆ ಪಂಡಿತ ನಿಕೊಲಸ್ ಕಲ್ಪೆಪರ್ ತನ್ನ ಗ್ರಂಥದಲ್ಲಿ ಇದಕ್ಕೆ ಜಾಗ ಕೊಟ್ಟಿದ್ದಾನೆ. ಊತಕ್ಕೆ, ಹುಣ್ಣಿಗೆ ಜಜ್ಜಿ ಕಟ್ಟುತ್ತಿದ್ದರು. ಹೊಟ್ಟೆಗೆ ಕೊಡುವುದನ್ನು ಈಗ ಪೂರ್ತಿ ಬಿಡಬೇಕು. ಪಿತ್ತಜನಕಾಂಗ ಕೆಡಿಸುವುದು ಖಚಿತವಾದ ಮೇಲೆ ಹಳೆಯ ಹೆಸರಿನ ನೆವದಲ್ಲಿ ಮದ್ದು ಎನ್ನುವುದು ತಪ್ಪು. ಹಕ್ಕಿಗಳ ವಿಚಾರ ಬೇರೆ. ಗೋಲ್ಡ್‌ಫಿಂಚ್‌ನಂಥ ಕಾಳು ತಿನ್ನುವ ಹಕ್ಕಿಗಳಿಗೆ ಇದರ ಬೀಜ ಪ್ರಿಯ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಪಂಜರದ ಹಕ್ಕಿಗಳಿಗೆಂದು ಗ್ರೌಂಡ್ಸೆಲ್ ಕಟ್ಟುಗಳನ್ನು ಬೀದಿಯಲ್ಲಿ ಕೂಗಿ ಮಾರುವ ಬಡವರಿದ್ದರು. ಹೊಲಗಳಲ್ಲಿ ಪುಕ್ಕಟೆ ಕಿತ್ತು ತಂದು ಪೇಟೆಯಲ್ಲಿ ಕಾಸು ಮಾಡಿಕೊಳ್ಳುತ್ತಿದ್ದ ಈ ವ್ಯಾಪಾರವನ್ನು ಹೆನ್ರಿ ಮೇಹ್ಯೂ ಲಂಡನ್ನಿನ ದುಡಿಯುವ ಬಡವರ ಕುರಿತ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಕಳೆಯಾಗಿ ಈ ಗಿಡ ಮಾಡಿದ ದೊಡ್ಡ ಸುದ್ದಿ ಅಮೆರಿಕದ ವಾಷಿಂಗ್ಟನ್ ರಾಜ್ಯದ್ದು. ಅಲ್ಲಿನ ನರ್ಸರಿಯೊಂದರಲ್ಲಿ 1958ರಿಂದ ಸಿಮಜಿನ್, ಅಟ್ರಜಿನ್ ಎಂಬ ಟ್ರಯಜಿನ್ ವರ್ಗದ ಕಳೆನಾಶಕಗಳನ್ನು ವರ್ಷವೂ ಬಳಸುತ್ತಿದ್ದರು. ಹತ್ತು ವರ್ಷವಾಗುವ ಹೊತ್ತಿಗೆ, 1968ರಲ್ಲಿ, ಔಷಧಿ ಬಿದ್ದರೂ ಗ್ರೌಂಡ್ಸೆಲ್ ಸಾಯುತ್ತಿಲ್ಲವೆಂಬುದು ಕಣ್ಣಿಗೆ ಬಿತ್ತು. ಅದರ ಬೀಜವನ್ನು ಬೇರೆಡೆ ಬೆಳೆಸಿ, ಬೇರೆ ಊರಿನ ಬೀಜದ ಪಕ್ಕದಲ್ಲಿಟ್ಟು ಪರೀಕ್ಷಿಸಿದ ಜಿ. ಎಫ್. ರಯನ್ 1970ರಲ್ಲಿ ವರದಿ ಪ್ರಕಟಿಸಿದರು. ಟ್ರಯಜಿನ್‌ಗೆ ಕಳೆಯೊಂದು ಜಗ್ಗದೆ ನಿಂತ ಮೊದಲ ದಾಖಲೆ ಅದು. ಕೀಟಗಳು ಕೀಟನಾಶಕಕ್ಕೆ ಒಗ್ಗಿಕೊಳ್ಳುವುದು ಆಗಲೇ ಗೊತ್ತಿತ್ತು. ಗಿಡಗಳೂ ಹೀಗೆ ಮಾಡಬಲ್ಲವೆಂಬುದನ್ನು ಕೃಷಿವಿಜ್ಞಾನ ಗಂಭೀರವಾಗಿ ಪರಿಗಣಿಸಿದ್ದು ಅಲ್ಲಿಂದೀಚೆಗೆ.

ಒಳಗಿನ ಕಾರಣ ಬಯಲಾಗಲು ಇನ್ನೂ ಹಲವು ವರ್ಷ ಬೇಕಾಯಿತು. ಟ್ರಯಜಿನ್ ಕೆಲಸ ಮಾಡುವುದು ಎಲೆಯ ಹರಿತ್ಕಣಗಳಲ್ಲಿರುವ ಡಿ1 ಎಂಬ ಪ್ರೋಟೀನಿಗೆ ಅಂಟಿ, ಬೆಳಕಿನಿಂದ ಶಕ್ತಿ ಹರಿಯುವ ದಾರಿಯನ್ನು ಕಟ್ಟಿಹಾಕುವ ಮೂಲಕ. ಆ ಪ್ರೋಟೀನಿನ 264ನೆಯ ಜಾಗದಲ್ಲಿದ್ದ ಸೆರೀನ್ ಹೋಗಿ ಗ್ಲೈಸೀನ್ ಬಂದರೆ ಸಾಕು, ಔಷಧಿಗೆ ಹಿಡಿತ ಸಿಗುವುದಿಲ್ಲ. ಹರಿತ್ಕಣದ ಜೀನ್ ಆದದ್ದರಿಂದ ಈ ಗುಣ ತಾಯಿಗಿಡದಿಂದ ಮಾತ್ರ ಮರಿಗೆ ದಾಟುತ್ತದೆ. ಅದಕ್ಕೆ ಬೆಲೆಯನ್ನೂ ತೆರಬೇಕು: ಮಾರ್ಪಟ್ಟ ಗಿಡ ಬೆಳಕನ್ನು ಅಷ್ಟು ಚೆನ್ನಾಗಿ ಬಳಸಲಾರದು, ಔಷಧಿ ಇಲ್ಲದ ಮಣ್ಣಿನಲ್ಲಿ ಸಾಮಾನ್ಯ ಗಿಡಗಳ ಮುಂದೆ ಸೋಲುತ್ತದೆ. ಅಂದರೆ ಅದನ್ನು ಗೆಲ್ಲಿಸುತ್ತಿರುವುದು ಬಿಡದೆ ಹೊಡೆಯುವ ಔಷಧಿಯೇ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳದ ಹೊಲಗಳಿಗೆ ಇಂದಿಗೂ ಅಟ್ರಜಿನ್ ಬೀಳುತ್ತಿರುವುದರಿಂದ ಈ ಕಥೆ ನಮ್ಮ ರೈತರಿಗೆ ದೂರದ್ದಲ್ಲ. ಒಂದೇ ಔಷಧಿಯನ್ನು ವರ್ಷಗಟ್ಟಲೆ ನೆಚ್ಚದೆ ಎಡೆಕುಂಟೆ, ಬೆಳೆ ಬದಲಾವಣೆ, ಬೇರೆ ವರ್ಗದ ಔಷಧಿ ಇವುಗಳನ್ನು ಸೇರಿಸಿಕೊಳ್ಳುವುದೇ ಇದಕ್ಕಿರುವ ಮದ್ದು.

ಇನ್ನು ಈ ಗಿಡದಿಂದ ಹುಟ್ಟಿದ ಹೊಸ ಪ್ರಭೇದಗಳ ಕಥೆ. ಅದು ಶುರುವಾಗುವುದು ಸಿಸಿಲಿಯ ಎಟ್ನಾ ಅಗ್ನಿಪರ್ವತದಲ್ಲಿ. ಅಲ್ಲಿ ಎತ್ತರದ ಲಾವಾ ಇಳಿಜಾರಿನಲ್ಲಿ ಒಂದು, ಕೆಳಗಿನ ತಪ್ಪಲಿನಲ್ಲಿ ಒಂದು, ಹೀಗೆ ಎರಡು ಸೆನೆಸಿಯೊ ಪ್ರಭೇದಗಳಿವೆ. ನಡುವಿನ ಎತ್ತರದಲ್ಲಿ ಎರಡೂ ಕೂಡಿದ ಮಿಶ್ರ ಗಿಡಗಳು ಬೆಳೆಯುತ್ತವೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆ ಮಿಶ್ರ ಸಸ್ಯ ಇಂಗ್ಲೆಂಡಿಗೆ ಬಂದು ಆಕ್ಸ್‌ಫರ್ಡ್ ಸಸ್ಯೋದ್ಯಾನ ಸೇರಿತು. 1794ರ ಹೊತ್ತಿಗೆ ಉದ್ಯಾನದಿಂದ ಹೊರಬಿದ್ದು ಊರಿನ ಕಲ್ಲುಗೋಡೆಗಳ ಮೇಲೆ ಬೆಳೆಯುತ್ತಿತ್ತು. 1844ರಲ್ಲಿ ರೈಲು ಆಕ್ಸ್‌ಫರ್ಡ್ ಮುಟ್ಟಿದಾಗ ಅದಕ್ಕೆ ಹೆದ್ದಾರಿ ತೆರೆದಂತಾಯಿತು. ಹಳಿಯ ಕೆಳಗೆ ಹರಡಿದ ಸುಟ್ಟ ಕಲ್ಲಿದ್ದಲಿನ ಕಿಟ್ಟ ಎಟ್ನಾದ ಲಾವಾ ಪುಡಿಯ ಹಾಗೇ ಒಣಗಿದ, ನೀರು ನಿಲ್ಲದ ನೆಲ. ಓಡುವ ರೈಲಿನ ಗಾಳಿ ಬೀಜವನ್ನು ಎಳೆದೊಯ್ಯುತ್ತಿತ್ತು. ಸಸ್ಯತಜ್ಞ ಜಿ. ಸಿ. ಡ್ರೂಸ್ ಆಕ್ಸ್‌ಫರ್ಡ್ ಬಳಿ ಬೋಗಿಯ ಕಿಟಕಿಯಿಂದ ಒಳಬಂದ ಬೀಜಗಳು ಟೈಲ್‌ಹರ್ಸ್ಟ್ ನಿಲ್ದಾಣದವರೆಗೆ ಒಳಗೇ ತೇಲಿಕೊಂಡು ಬಂದದ್ದನ್ನು ಬರೆದಿಟ್ಟಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಪಾಳಾದ ಲಂಡನ್ನಿನ ನಿವೇಶನಗಳಲ್ಲೂ ಇದು ಹಳದಿ ಹೂ ಹೊದಿಸಿತು. ಈಗ ಆಕ್ಸ್‌ಫರ್ಡ್ ರ್‍ಯಾಗ್‌ವರ್ಟ್, ಅಂದರೆ ಸೆನೆಸಿಯೊ ಸ್ಕ್ವಾಲಿಡಸ್ ಎಂದು ಹೆಸರಾಗಿರುವುದು ಈ ಗಿಡವೇ.

ಹೋದಲ್ಲೆಲ್ಲ ಅದಕ್ಕೆ ನೆರೆಯಾಗಿ ಸಿಕ್ಕಿದ್ದು ಗ್ರೌಂಡ್ಸೆಲ್. ಆಕ್ಸ್‌ಫರ್ಡ್ ಗಿಡದ ವರ್ಣತಂತುಗಳು 20, ಗ್ರೌಂಡ್ಸೆಲ್‌ನವು 40. ಎರಡೂ ಕೂಡಿದರೆ 30 ವರ್ಣತಂತುಗಳ ಮರಿ ಹುಟ್ಟುತ್ತದೆ. ಅವು ಸರಿಯಾಗಿ ಜೋಡಿಯಾಗದ ಕಾರಣ ಅದು ಬಂಜೆ. ಆದರೆ ಅಪರೂಪಕ್ಕೊಮ್ಮೆ ವರ್ಣತಂತುಗಳು ಇಮ್ಮಡಿಯಾಗಿ 60 ಆಗುತ್ತವೆ. ಆಗ ಜೋಡಿ ಕೂಡುತ್ತದೆ, ಬೀಜ ಕಟ್ಟುತ್ತದೆ, ತಂದೆತಾಯಿ ಇಬ್ಬರೊಡನೆಯೂ ಬೆರೆಯದ ಹೊಸ ಪ್ರಭೇದವೊಂದು ಒಂದೆರಡು ತಲೆಮಾರಿನಲ್ಲಿ ನಿಂತುಬಿಡುತ್ತದೆ. 1948ರಲ್ಲಿ ವೇಲ್ಸ್‌ನ ಫ್ರಿತ್ ಎಂಬ ಹಳ್ಳಿಯ ಬಳಿ ಎಚ್. ಇ. ಗ್ರೀನ್ ಕಂಡದ್ದು ಇಂಥ ಗಿಡ. 1955ರಲ್ಲಿ ಎಫಿ ರಾಸರ್ ಅದಕ್ಕೆ ಸೆನೆಸಿಯೊ ಕ್ಯಾಂಬ್ರೆನ್ಸಿಸ್ ಎಂದು ಹೆಸರಿಟ್ಟರು. 1982ರಲ್ಲಿ ಅದೇ ಪ್ರಭೇದ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲೂ ಸಿಕ್ಕಿತು. ವೇಲ್ಸ್‌ನಿಂದ ಅಲ್ಲಿಗೆ ಹೋದದ್ದಲ್ಲ, ಅಲ್ಲೇ ಇನ್ನೊಮ್ಮೆ ಹುಟ್ಟಿದ್ದು ಎಂದು ಪರೀಕ್ಷೆಗಳು ತೋರಿಸಿದವು. ಪ್ರಭೇದಗಳ ಹುಟ್ಟಿಗೆ ಲಕ್ಷಾಂತರ ವರ್ಷ ಬೇಕೆಂಬ ಎಣಿಕೆಗೆ ಈ ಗಿಡ ಜೀವಂತ ಅಪವಾದ. ಎಡಿನ್‌ಬರೊದ ಗಿಡಗಳು ಮಾತ್ರ ಮುಂದಿನ ದಶಕದಲ್ಲೇ ನಿರ್ನಾಮವಾದವು.

ಎರಡು ಪ್ರಭೇದಗಳ ನಡುವೆ ಜೀನ್ ದಾಟಿದ್ದಕ್ಕೂ ಇಲ್ಲೇ ಸ್ಪಷ್ಟ ಸಾಕ್ಷಿ ಇದೆ. ಬ್ರಿಟನ್ನಿನ ಕೆಲವೆಡೆ ಗ್ರೌಂಡ್ಸೆಲ್‌ನ ಹೂವಿಗೆ, ಇರಬಾರದ ದಳದಂಥ ಹೂಗಳು ಕಾಣುತ್ತವೆ. ಆ ಗುಣ ಆಕ್ಸ್‌ಫರ್ಡ್ ಗಿಡದಿಂದ ಬಂದದ್ದು. ಅದಕ್ಕೆ ಕಾರಣವಾದ ಜೀನ್‌ಗಳನ್ನು ರಿಚರ್ಡ್ ಅಬಟ್, ಎನ್ರಿಕೊ ಕೋಯೆನ್ ಮತ್ತು ಸಂಗಡಿಗರು 2008ರಲ್ಲಿ ಗುರುತಿಸಿದರು. ದಳವಿರುವ ಹೂಗಳಿಗೆ ಕೀಟಗಳು ಹೆಚ್ಚು ಬರುವುದರಿಂದ ಪರಕೀಯ ಪರಾಗಸ್ಪರ್ಶವೂ ಹೆಚ್ಚುತ್ತದೆ.

ಕರ್ನಾಟಕದಲ್ಲಿ ಈ ಗಿಡಕ್ಕೆ ರೂಢಿಯ ಹೆಸರಿಲ್ಲ. ಆದರೆ ಸೆನೆಸಿಯೊ ಜಾತಿ ನಮಗೆ ಹೊರಗಿನದಲ್ಲ. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಜಾತಿಯಲ್ಲಿ ಬೆಳಗಾವಿಯ ಹೆಸರನ್ನೇ ಹೊತ್ತ ಸೆನೆಸಿಯೊ ಬೆಲ್ಗಾಮೆನ್ಸಿಸ್ ಇದೆ. ಪಶ್ಚಿಮ ಘಟ್ಟದ ಉತ್ತರ ಭಾಗದ, ಹಳದಿ ಹೂವಿನ ಏಕವಾರ್ಷಿಕ. ಹೊಲದ ಬದುಗಳಲ್ಲಿ ನೇರಳೆಗೆಂಪು ಕುಂಚ ಬಿಡುವ, ಇಲಿಕಿವಿ ಎಂದು ಕೆಲವೆಡೆ ಕರೆಯುವ ಎಮಿಲಿಯ ಗಿಡವೂ ಇದೇ ಬಳಗದ್ದು.

ಗ್ರೌಂಡ್ಸೆಲ್ ವಂಶದ ಅತ್ಯಂತ ಕಿರಿಯ ಕುಡಿಯ ಬದುಕು ಬಲು ಚಿಕ್ಕದು. 1979ರಲ್ಲಿ ಇಂಗ್ಲೆಂಡಿನ ಯಾರ್ಕ್ ರೈಲು ನಿಲ್ದಾಣದ ಕಾರು ನಿಲುಗಡೆಯ ಪಕ್ಕದಲ್ಲಿ ಅಬಟ್ ಕಣ್ಣಿಗೆ ಬಿದ್ದ ಗಿಡವದು. ಅದೂ ಆಕ್ಸ್‌ಫರ್ಡ್ ಗಿಡ ಮತ್ತು ಗ್ರೌಂಡ್ಸೆಲ್ ಕೂಡಿ ಹುಟ್ಟಿದ್ದು. ವರ್ಣತಂತು 40, ಸ್ವಕೀಯ ಪರಾಗಸ್ಪರ್ಶದಿಂದಲೇ ಬೀಜ ಕಟ್ಟುವಂಥದ್ದು. ಆ ಊರು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಅದು ಇರಲಿಲ್ಲ. 2003ರಲ್ಲಿ ಲೋ ಮತ್ತು ಅಬಟ್ ಅದನ್ನು ಸೆನೆಸಿಯೊ ಎಬೊರಸೆನ್ಸಿಸ್ ಎಂದು ವಿಧಿವತ್ತಾಗಿ ವಿವರಿಸಿದರು. ಅಷ್ಟರಲ್ಲಾಗಲೇ ಅದು ನೆಲದಿಂದ ಮಾಯವಾಗಿತ್ತು. ಪಾಳು ಜಾಗಗಳಿಗೆ, ಹಳಿಯ ಅಂಚುಗಳಿಗೆ ಕಳೆನಾಶಕ ಹೊಡೆದದ್ದು ಅದರ ಅಳಿವಿಗೆ ಮುಖ್ಯ ಕಾರಣ. ಕಳೆ ಎಂದು ಎಲ್ಲವನ್ನೂ ಒಂದೇ ಸಲ ಸುಡುವ ಅಭ್ಯಾಸಕ್ಕೆ, ಹುಟ್ಟಿ ಅರ್ಧ ಶತಮಾನವೂ ತುಂಬಿರದ ಪ್ರಭೇದವೊಂದು ಬಲಿಯಾಯಿತು.

ಅದೃಷ್ಟವಶಾತ್ ವಿಶ್ವವಿದ್ಯಾಲಯವೊಂದರ ಕಿಟಕಿ ಹಲಗೆಯ ಮೇಲಿನ ಕುಂಡಗಳಲ್ಲಿ ಉಳಿದಿದ್ದ ಕೆಲವು ಗಿಡಗಳಿಂದ ಸ್ವಲ್ಪ ಬೀಜ ಸಿಕ್ಕಿತ್ತು. ಅದನ್ನು ಕ್ಯೂ ಸಸ್ಯೋದ್ಯಾನದ ಮಿಲೆನಿಯಂ ಬೀಜ ಬ್ಯಾಂಕಿನಲ್ಲಿ ಇರಿಸಲಾಗಿತ್ತು. ಏಕವಾರ್ಷಿಕ ಗಿಡದ ಬೀಜ ಹಳೆಯದಾಗುತ್ತಿರುವುದನ್ನು ಕಂಡ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆ ಅದನ್ನು ಮತ್ತೆ ಬೆಳೆಸುವ ಏರ್ಪಾಡು ಮಾಡಿತು. ಬೀಜ ಚೆನ್ನಾಗಿ ಮೊಳೆಯಿತು. ಹಸಿರುಮನೆಯಲ್ಲಿ ಬೀಜ ಹೆಚ್ಚಿಸಿಕೊಂಡ ಮೇಲೆ 2023ರಲ್ಲಿ ಯಾರ್ಕ್ ನಗರದ ಮಣ್ಣಿಗೆ ಮರಳಿ ಬಿತ್ತಿದರು. ನೆಲದಿಂದ ಪೂರ್ತಿ ಅಳಿದಿದ್ದ ಪ್ರಭೇದವೊಂದು ಹೀಗೆ ಹುಟ್ಟೂರಿಗೆ ಮರಳಿತು.